ಮುಖದ ಹಿಂದಿನ ಬೆಳಕಿನ ಬಿಲ್ಲೆ

ಪೋರ್ಟ್ರೇಟ್‌ಗೆ (ಮುಖದ ಚಿತ್ರಕ್ಕೆ) ಟೆಲಿ ಲೆನ್ಸ್, ಅಂದರೆ ದೂರದ್ದನ್ನು ದೊಡ್ಡದಾಗಿ ತೋರಿಸುವ ಲೆನ್ಸ್, ಹುಡುಕುವವರು ಮೊದಲು ನೋಡುವುದು ಎಫ್ ಸಂಖ್ಯೆಯನ್ನು. 2.8 ಚೆನ್ನ, 1.8 ಇನ್ನೂ ಚೆನ್ನ ಅಂತ. ಆದರೆ ಹಿನ್ನೆಲೆ ಎಷ್ಟು ಮಸುಕಾಗಬೇಕು ಅನ್ನುವುದಕ್ಕೆ ಆ ಸಂಖ್ಯೆಯೊಂದೇ ಸಾಲದು. ಫೋಕಲ್ ಲೆಂತನ್ನು, ಅಂದರೆ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರ, ಬೆಳಕು ಒಳಗೆ ಬರುವ ಕಿಂಡಿಯ ಅಗಲ. 85 ಮಿ.ಮೀ., ಎಫ್ 1.8 ಲೆನ್ಸಿಗೆ ಅದು 47 ಮಿ.ಮೀ. 50 ಮಿ.ಮೀ., ಎಫ್ 1.8ಕ್ಕೆ 28. ಕ್ಯಾಮೆರಾ ಜೊತೆ ಕೊಡುವ 18-55 ಜೂಮ್‌ಗೆ, 55ರಲ್ಲಿ ಎಫ್ 5.6 ಆದರೆ, ಬರೀ 10. 200 ಮಿ.ಮೀ., ಎಫ್ 2.8ಕ್ಕೆ 71! ಸಂಖ್ಯೆ 1.8 ಅಲ್ಲದಿದ್ದರೂ ಕಿಂಡಿ ದೊಡ್ಡದು.

ಈ ಅಗಲಕ್ಕೆ ಒಂದು ಸೊಗಸಾದ ಗುಣವಿದೆ. ಬಹಳ ದೂರದ ದೀಪದಿಂದ ಬರುವ ಕಿರಣಗಳು ಹೆಚ್ಚುಕಮ್ಮಿ ಸಮಾನಾಂತರವಾಗಿರುತ್ತವೆ. ಕಿಂಡಿಯಷ್ಟೇ ದಪ್ಪದ ಬೆಳಕಿನ ಕಂಬವೊಂದು ಮುಖದ ಪಕ್ಕದಿಂದ ಹಾದು ಲೆನ್ಸಿಗೆ ಬರುತ್ತದೆ. ಹಾಗಾಗಿ 85 ಎಫ್ 1.8 ಲೆನ್ಸಿನಿಂದ ಮುಖಕ್ಕೆ ಫೋಕಸ್ ಮಾಡಿದರೆ ಚಿತ್ರದಲ್ಲಿ ಆ ದೀಪ, ಮುಖದ ಪಕ್ಕ ಇಟ್ಟ 47 ಮಿ.ಮೀ. ಬಿಲ್ಲೆಯಂತೆ ಕಾಣುತ್ತದೆ. ಮುಖದ ಅಗಲದ ಮೂರನೇ ಒಂದು ಭಾಗ, ಅಷ್ಟು ದೊಡ್ಡದು!

ಮೈಸೂರಿನವರಿಗೆ ಇದು ತುಂಬಾ ಮುಖ್ಯ. ಭಾನುವಾರ ಸಂಜೆ ಅರಮನೆಯ ದೀಪಗಳು ಹೊತ್ತಿಕೊಂಡಾಗ ಜೋಡಿಗಳನ್ನು ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದುಂಟು. ಅಲ್ಲಿ ಬಲ್ಬುಗಳು ಒತ್ತೊತ್ತಾಗಿವೆ. ಎಫ್ 1.8ರಲ್ಲಿ ಬಿಲ್ಲೆಗಳು ಒಂದರ ಮೇಲೊಂದು ಬಿದ್ದು ಅರಮನೆಯೇ ಹಳದಿ ಬಣ್ಣವಾಗಿ ಕರಗುತ್ತದೆ. ಕಮಾನು, ಗೋಪುರ ಗುರುತು ಸಿಗಬೇಕಾದರೆ ಎಫ್ 8ರ ಹತ್ತಿರ ಹೋಗಬೇಕು. ಬಿಡಿಬಿಡಿ ಬಿಲ್ಲೆ ಬೇಕಾದರೆ ದೂರದೂರ ಇರುವ ದೀಪಗಳೇ ಬೇಕು.

ಮಂಡ್ಯದ ಕಬ್ಬಿನ ಗದ್ದೆಯ ಕಥೆ ಬೇರೆ. ಕ್ಯಾಮೆರಾದಿಂದ 2 ಮೀಟರ್ ದೂರ ಹುಡುಗಿ, ಅವಳ ಹಿಂದೆ 1 ಮೀಟರಿಗೇ ಕಬ್ಬು. ಆಗ ಅದೇ ಲೆನ್ಸಿನ ಬಿಲ್ಲೆ 16 ಮಿ.ಮೀ.ಗೆ ಇಳಿಯುತ್ತದೆ, ಗರಿಗಳು ಗಜಿಬಿಜಿಯಾಗಿ ಉಳಿಯುತ್ತವೆ. ಹಿನ್ನೆಲೆ ಅವಳಿಂದ 10 ಮೀಟರ್ ದೂರ ಹೋಗಲಿ, ಬಿಲ್ಲೆ 39 ಆಗುತ್ತದೆ. ಹೊಸ ಲೆನ್ಸಿಗಿಂತ ಇಬ್ಬರೂ ಬದುವಿನ ಮೇಲೆ ಕಬ್ಬಿನಿಂದ ಒಂದಷ್ಟು ಹೆಜ್ಜೆ ದೂರ ಬರುವುದು ಅಗ್ಗ, ಅಲ್ವಾ?

ಮುಖದ ಆಕಾರವನ್ನು ನಿರ್ಧರಿಸುವುದು ನಾವು ನಿಂತ ದೂರ. ಅರ್ಧ ಮೀಟರಿನಿಂದ ತೆಗೆದರೆ ಕಿವಿಗಿಂತ ಮೂಗು ಎಷ್ಟೋ ಹತ್ತಿರವಾಗಿ ಉಬ್ಬಿ ಕಾಣುತ್ತದೆ. 2 ಮೀಟರಿನಿಂದ ಆ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಟೆಲಿ ಲೆನ್ಸಿನ ಉಪಕಾರ ಇಷ್ಟೇ: ದೂರ ನಿಂತೇ ಮುಖವನ್ನು ದೊಡ್ಡದಾಗಿ ತುಂಬಿಸಬಹುದು.

ಚಿಕ್ಕ ಎಫ್ ಸಂಖ್ಯೆಯಿಂದ ಬೆಳಕಿನ ಲಾಭವೂ ಇದೆ. 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ ಪೋರ್ಟ್ರೇಟ್ ಲೆನ್ಸ್ ರೂಪಿಸಿದ್ದೇ, ಜನ ಅಲುಗಾಡದೆ ಕೂರಬೇಕಾದ ಹೊತ್ತನ್ನು ಕಡಿಮೆ ಮಾಡಲು. ಇವತ್ತಿಗೂ ಮಂಕಾದ ಕಲ್ಯಾಣ ಮಂಟಪದಲ್ಲಿ ಎಫ್ 1.8, ಎಫ್ 5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಕೊಡುತ್ತದೆ. ಆದರೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್‌ನಲ್ಲಿ 85 ಎಫ್ 1.8 ಹಾಕಿ 2 ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಸಿಗುವುದು 6 ಸೆಂ.ಮೀ. ಆಳ ಮಾತ್ರ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ.

ಯಾವುದು ಕೊಳ್ಳಬೇಕು? ಸೊಂಟದವರೆಗಿನ ಚಿತ್ರಕ್ಕೆ ಫುಲ್ ಫ್ರೇಮ್‌ನಲ್ಲಿ 85 ಮಿ.ಮೀ.ಗೆ ಸುಮಾರು 2 ಮೀಟರ್, 135ಕ್ಕೆ ಮೂರೂವರೆ, 200ಕ್ಕೆ 5 ಮೀಟರ್ ಜಾಗ ಬೇಕು. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 85ಕ್ಕೇ 3 ಮೀಟರ್ ದಾಟುತ್ತದೆ. ಮೇಲುಕೋಟೆಯ ಕಲ್ಯಾಣಿಯ ಬಳಿ 135 ಹಾಯಾಗಿ ನಡೆಯುತ್ತದೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಅದರ ಜೊತೆ ಹಿಂದೆ ಸರಿಯಲು ಹೊರಟರೆ ಯಾರದೋ ಬುಟ್ಟಿ ಕಾಲಿಗೆ ತಾಗುತ್ತದೆ. ಹಾಗಾಗಿ ನಾನು ಮೊದಲ ಲೆನ್ಸ್ ಆಗಿ 85 ಎಫ್ 1.8 ಹೇಳುತ್ತೇನೆ. 70-200 ಎಫ್ 2.8 ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ, ಬೆಲೆಯೂ ಜಾಸ್ತಿ. ಮದುವೆ ಫೋಟೊ ತೆಗೆಯುವುದೇ ಕಸುಬಾಗಿದ್ದರೆ ಅದನ್ನೇ ತೆಗೆದುಕೊಳ್ಳಿ.