ಡಿ.ವಿ. ಆಕ್ಟ್‌ನಲ್ಲಿ ಲೈಂಗಿಕ ದೌರ್ಜನ್ಯ: ರಕ್ಷಣಾ ಆದೇಶ ಕೇಳುವುದು ಹೇಗೆ?

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 63 ಅತ್ಯಾಚಾರ ಅಂದರೇನು ಅಂತ ಹೇಳುತ್ತದೆ. ಆದರೆ ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲವಂತವನ್ನು ಅದರಿಂದ ಹೊರಗಿಡುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹಾಗಂತ ಆಕೆಗೆ ಕೋರ್ಟಿನಲ್ಲಿ ದಾರಿಯೇ ಇಲ್ಲ ಅಂತ ತಿಳಿಯಬೇಡಿ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ 2005ರ ಕೌಟುಂಬಿಕ ಹಿಂಸೆ ಕಾಯ್ದೆ, ಅಂದರೆ ಡಿ.ವಿ. ಆಕ್ಟ್, ಸೆಕ್ಷನ್ 3ರಲ್ಲೇ ಲೈಂಗಿಕ ದೌರ್ಜನ್ಯವನ್ನು ಹೆಸರಿಸಿ ಸೇರಿಸಿದೆ. ಹೆಣ್ಣಿನ ಘನತೆಗೆ ಧಕ್ಕೆ ತರುವ, ಅವಮಾನಿಸುವ ಯಾವುದೇ ಲೈಂಗಿಕ ವರ್ತನೆ ಅದರಲ್ಲಿ ಬರುತ್ತದೆ. ಗಂಡ ಅನ್ನುವ ಕಾರಣಕ್ಕೆ ಇಲ್ಲಿ ವಿನಾಯಿತಿ ಇಲ್ಲ.

ಮಾವ, ಮೈದುನ, ತಂದೆ, ಅಣ್ಣ, ಲಿವ್-ಇನ್ ಸಂಗಾತಿ ಇವರ ಮೇಲೂ ಅರ್ಜಿ ಹಾಕಬಹುದು. ಒಂದೇ ಮನೆಯಲ್ಲಿ ಬದುಕಿದ ಸಂಬಂಧ ಇರಬೇಕು, ಅಷ್ಟೇ. ಪಕ್ಕದ ಮನೆಯವನು, ಆಫೀಸಿನ ಬಾಸ್ ಇದರೊಳಗೆ ಬರುವುದಿಲ್ಲ. ಬಾಸ್ ವಿಷಯಕ್ಕೆ 2013ರ ಬೇರೆ ಕಾಯ್ದೆ ಇದೆ. ದೌರ್ಜನ್ಯ ಆಗಿದ್ದು 18 ತುಂಬದ ಮಗುವಿಗಾದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ಕೇಸೂ ಆಗಲೇಬೇಕು.

ಅರ್ಜಿ ಸೆಕ್ಷನ್ 12ರ ಅಡಿ, ಮ್ಯಾಜಿಸ್ಟ್ರೇಟ್ ಮುಂದೆ. ಎಫ್‌ಐಆರ್ ಆಗಿರಲೇಬೇಕು ಅಂತಿಲ್ಲ. ತವರಿಗೆ ಬಂದು ತಾತ್ಕಾಲಿಕವಾಗಿ ಇದ್ದರೂ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. ಇದನ್ನು ಚೆನ್ನಾಗಿ ನೆನಪಿಡಿ, ಓಡಿ ಬಂದವಳಿಗೆ ವಾಪಸ್ ಆ ಊರಿಗೇ ಹೋಗಬೇಕಾದ ಭಯ ಇರುತ್ತದೆ ಅಲ್ವಾ? ಕರ್ನಾಟಕದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ಆಕೆಗೆ ನೆರವಾಗುವ ಸಂರಕ್ಷಣಾಧಿಕಾರಿ. ನಡೆದ ಹಿಂಸೆಯನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿಯನ್ನು ಅವರು ತಯಾರಿಸಿ ಕೊಡುತ್ತಾರೆ. ಅದರ ನಮೂನೆಯಲ್ಲಿ ಬಲವಂತದ ಸಂಭೋಗ, ಅಶ್ಲೀಲ ಚಿತ್ರ ನೋಡುವಂತೆ ಒತ್ತಾಯ ಅಂತ ಬಿಡಿಸಿ ಅಚ್ಚಾಗಿದೆ. ಬಾಯಿಬಿಟ್ಟು ಹೇಳಲಾಗದವಳು ಬೆರಳಿಟ್ಟು ತೋರಿಸಿದರೂ ಸಾಕು. ಆಕೆ ನೇರವಾಗಿ ಅರ್ಜಿ ಹಾಕಿದರೆ ಈ ವರದಿ ಕಡ್ಡಾಯವಲ್ಲ ಅಂತ 2022ರಲ್ಲಿ ಪ್ರಭಾ ತ್ಯಾಗಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಸೆಕ್ಷನ್ 18, ಅಂದರೆ ರಕ್ಷಣಾ ಆದೇಶ. ಕೆಲಸದ ಜಾಗಕ್ಕೆ ಬರಬಾರದು, ಫೋನು, ಮೆಸೇಜು, ಪತ್ರ ಯಾವುದರಿಂದಲೂ ಸಂಪರ್ಕಿಸಬಾರದು, ಆಕೆಗೆ ಆಸರೆ ಕೊಟ್ಟವರಿಗೆ ಹಿಂಸೆ ಕೊಡಬಾರದು ಅಂತ ಕೋರ್ಟ್ ತಡೆಯಬಹುದು. ಅರ್ಜಿಯಲ್ಲಿ "ರಕ್ಷಣೆ ಕೊಡಿಸಿ" ಅಂತ ಸುಮ್ನೆ ಬರೆದರೆ ಆದೇಶವೂ ಹಾಗೇ ಸಡಿಲವಾಗಿರುತ್ತದೆ. "ನಾನು ಕೆಲಸ ಮಾಡುವ ಗಾರ್ಮೆಂಟ್ಸ್ ಗೇಟಿನ ಹತ್ತಿರ ಬರಬಾರದು, ಬೇರೆಯವರ ನಂಬರಿನಿಂದಲೂ ಕರೆ ಮಾಡಬಾರದು, ಖಾಸಗಿ ಫೋಟೊ ಯಾರಿಗೂ ಕಳಿಸಬಾರದು" ಅಂತ ಒಂದೊಂದನ್ನೂ ಬಿಡಿಸಿ ಕೇಳಬೇಕು. ಕಾಯ್ದೆಯ ಪಟ್ಟಿಯಲ್ಲಿ ಇಲ್ಲದ್ದನ್ನೂ ತಡೆಯುವ ಅಧಿಕಾರ ಅದೇ ಸೆಕ್ಷನ್ ಕೋರ್ಟಿಗೆ ಕೊಟ್ಟಿದೆ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನಕ್ಕೆ 60 ದಿನದ ಗುರಿ. ವಾಸ್ತವದಲ್ಲಿ ಎಷ್ಟೋ ಸಲ ಜಾಸ್ತಿಯೇ ಹಿಡಿಯುತ್ತದೆ. ಅದಕ್ಕೇ ಸೆಕ್ಷನ್ 23 ಮುಖ್ಯ: ಅಫಿಡವಿಟ್ ನೋಡಿ, ಎದುರು ಪಕ್ಷ ಬರುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಸೆಕ್ಷನ್ 16ರ ಪ್ರಕಾರ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಕೇಳಬಹುದು.

ಆದೇಶದ ಪ್ರತಿ ಆಕೆಗೂ ಪೊಲೀಸ್ ಠಾಣೆಗೂ ಉಚಿತ. ಮಧ್ಯಂತರ ಆದೇಶವನ್ನೇ ಮುರಿದರೂ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಮತ್ತು ಅದು ನಡೆಯಿತು ಅನ್ನಲು ಆಕೆಯೊಬ್ಬಳ ಸಾಕ್ಷ್ಯವೇ ಸಾಲಬಹುದು ಅಂತ ಸೆಕ್ಷನ್ 32 ಹೇಳುತ್ತದೆ.