ಮುಸ್ಸಂಜೆಯ ಮೊಲ, ಅರವತ್ತರ ಕಣ್ಣು

ಬ್ರಿಟನ್ನಿನ ಹುಲ್ಲುಗಾವಲುಗಳಲ್ಲಿ ಮೊಲಗಳು ಬಿಲ ಬಿಟ್ಟು ಮೇಯಲು ಹೊರಡುವುದು ನಸುಕಿನಲ್ಲಿ, ಇಲ್ಲವೇ ಹೊತ್ತು ಮುಳುಗುವ ಹೊತ್ತಿಗೆ. ವಯಸ್ಸಾದ ಕಣ್ಣು ಸೋಲುವುದೂ ಅದೇ ಬೆಳಕಿನಲ್ಲಿ. ಮೊಲದ ಬೇಟೆಗೆ ಹೋಗುವ ಅರವತ್ತರ ಆಸಾಮಿ ಹೊಸ ರೈಫಲ್‌ಗೆ ದುಡ್ಡು ಸುರಿಯುವ ಮೊದಲು ಈ ಸೋಲು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳುವುದು ಲೇಸು.

ಅಲ್ಲಿ ಮೊಲ ಬೆಳೆ ತಿನ್ನುವ ಪಿಡುಗು. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಬಹುಪಾಲು ಮೊಲಗಳು ಸತ್ತವು. ಮರುವರ್ಷದ ಪೆಸ್ಟ್ಸ್ ಆ್ಯಕ್ಟ್ ಮೊಲದ ಹಾವಳಿ ತಡೆಯುವ ಹೊಣೆಯನ್ನು ಜಮೀನು ಹಿಡಿದವರ ಮೇಲೆ ಹೊರಿಸಿತು. ನಮ್ಮಲ್ಲಿ ಕಾಡುಮೊಲ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಬೇಟೆಯಾಡುವುದು ಅಪರಾಧ. ಆದ್ದರಿಂದ ಇಲ್ಲಿ ಹೇಳುವ ಬೇಟೆಯೆಲ್ಲ ಬ್ರಿಟನ್ನಿನದು. ಕಣ್ಣಿನ ಲೆಕ್ಕ ಮಾತ್ರ ಎಲ್ಲರದು.

ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ, ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್‌ನ ಶಕ್ತಿಗೆ 12 ಅಡಿ-ಪೌಂಡ್, ಎಂದರೆ ಸುಮಾರು 16 ಜೂಲ್ ಮಿತಿ ಇದೆ. ಇಷ್ಟು ಶಕ್ತಿಯ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಮೊಲವನ್ನು ತಕ್ಷಣ ಕೊಲ್ಲಬೇಕಾದರೆ ಕಣ್ಣು ಮತ್ತು ಕಿವಿಬುಡದ ನಡುವೆ, ಸುಮಾರು 25 ಮಿಲಿಮೀಟರ್ ಅಗಲದ ಜಾಗಕ್ಕೇ ಬೀಳಬೇಕು. 30 ಮೀಟರ್ ದೂರದಲ್ಲಿ ಇದು ಚಿಕ್ಕ ಗುರಿ. ತಪ್ಪಿದರೆ ಪ್ರಾಣಿ ಗಾಯಗೊಂಡು ಬಿಲ ಸೇರಿ ಅಲ್ಲೇ ನರಳಿ ಸಾಯುತ್ತದೆ. ಗುರಿ ಮಂಜಾಗಿದ್ದರೂ ಟ್ರಿಗರ್ ಎಳೆಯುವವನಿಗೆ ಕೋವಿ ಹಿಡಿಯುವ ಅರ್ಹತೆಯಿಲ್ಲ ಎಂದರೆ ಕಟುವಾಯಿತು ಅನಿಸಬಹುದು, ಆದರೂ ಅದೇ ನಿಜ.

ನಲವತ್ತು ದಾಟಿದವರಿಗೆ ಚಾಳೀಸು ಬರಲು ಕಾರಣ ಕಣ್ಣೊಳಗಿನ ಮಸೂರ ಹಳೆಯ ರಬ್ಬರಿನಂತೆ ಬಿಗಿಯುವುದು. ಹತ್ತಿರದ್ದನ್ನು ನೋಡಲು ಅದು ಉಬ್ಬಬೇಕು; ಬಿಗಿದ ಮೇಲೆ ಉಬ್ಬುವುದಿಲ್ಲ. ಮಕ್ಕಳ ಕಣ್ಣು, ಕನ್ನಡಕದ ಪವರ್ ಅಳೆಯುವ ಮಾನದಲ್ಲಿ, ಹನ್ನೆರಡು ಡಯಾಪ್ಟರ್‌ಗೂ ಹೆಚ್ಚು ಹೊಂದಿಸಿಕೊಂಡರೆ, ಅರವತ್ತರ ಹೊತ್ತಿಗೆ ಒಂದು ಉಳಿದಿದ್ದರೆ ಹೆಚ್ಚು. ಮಾಮೂಲಿ ಸೈಟ್, ಎಂದರೆ ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತು, ಇರುವ ರೈಫಲ್ಲಿನಲ್ಲಿ ಹಿಂದಿನ ಸೈಟ್ ಕಣ್ಣಿನಿಂದ ಅರ್ಧ ಮೀಟರ್ ಒಳಗೆ, ಮುಂದಿನ ಸೈಟ್ ಸುಮಾರು ಒಂದು ಮೀಟರಿನಲ್ಲಿ, ಮೊಲ 30 ಮೀಟರಿನಲ್ಲಿ. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡುವುದು ಹರೆಯದ ಕಣ್ಣಿಗೂ ಆಗದು. ಅದು ಚಕಚಕನೆ ಒಂದರಿಂದ ಒಂದಕ್ಕೆ ಹಾರುತ್ತದೆ, ಅಷ್ಟೆ. ಮುದಿಗಣ್ಣಿಗೆ ಆ ಹಾರಾಟವಿಲ್ಲ.

ಹಾಗಾದರೆ ಯಾವುದು ಸ್ಪಷ್ಟವಾಗಿರಬೇಕು? ಮುಂದಿನ ಸೈಟ್. ಎರಡು ಸೈಟ್‌ಗಳ ನಡುವೆ 450 ಮಿಲಿಮೀಟರ್ ಅಂತರವಿದ್ದು, ಮುಂದಿನದು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ 30 ಮೀಟರಿನಲ್ಲಿ 33 ಮಿಲಿಮೀಟರ್ ಆಚೆ ಬೀಳುತ್ತದೆ. ಗುರಿ ತುಸು ಮಂಜಾದರೂ ಅದರ ನಡುವನ್ನು ಕಣ್ಣು ಅಂದಾಜಿಸಬಲ್ಲದು. ಸೈಟ್ ಮಂಜಾದರೆ ಮಾತ್ರ ಈ ಅರ್ಧ ಮಿಲಿಮೀಟರ್ ಗೊತ್ತೇ ಆಗುವುದಿಲ್ಲ.

ಓದುವ ಕನ್ನಡಕ ಹಾಕಿಕೊಂಡರೆ ಆಯಿತಲ್ಲ ಎನ್ನುವವರುಂಟು. +2 ಪವರ್ ಅರ್ಧ ಮೀಟರಿಗೆ ಹೊಂದುತ್ತದೆ. ಹಿಂದಿನ ಸೈಟ್ ಚೆನ್ನಾಗಿ ಕಾಣುತ್ತದೆ, ಮೊಲ ಹುಲ್ಲಿನಲ್ಲಿ ಕರಗಿಹೋಗುತ್ತದೆ. ಒಂದು ಮೀಟರಿನ ಸೈಟಿಗೆ ಸರಿಯಾದದ್ದು +1. ಆದರೆ ಅದನ್ನೂ ಪೂರ್ತಿ ಕೊಡಬಾರದು. ಮಂಜಿನ ಅಗಲ ಎಂದರೆ ಪಾಪೆಯ ಅಗಲವನ್ನು ಪವರಿನ ತಪ್ಪಿನಿಂದ ಗುಣಿಸಿದಷ್ಟು ಕೋನ. 4 ಮಿಲಿಮೀಟರ್ ಪಾಪೆಗೆ +1 ಹಾಕಿದರೆ, ಮೀಟರಿಗೆ 4 ಮಿಲಿಮೀಟರಿನಂತೆ, 30 ಮೀಟರಿನಲ್ಲಿ ಪ್ರತಿ ಬಿಂದುವೂ 120 ಮಿಲಿಮೀಟರ್ ಅಗಲಕ್ಕೆ ಹರಡುತ್ತದೆ. ಮೊಲದ ತಲೆಯೇ ಅಷ್ಟಿಲ್ಲ. +0.50 ಹಾಕಿದರೆ ಸೈಟಿಗೂ ಗುರಿಗೂ ಅರ್ಧರ್ಧ ಡಯಾಪ್ಟರ್ ತಪ್ಪು ಹಂಚಿಹೋಗುತ್ತದೆ, ಎರಡೂ ಸಹಿಸುವಷ್ಟು ಕಾಣುತ್ತವೆ. ಆದ್ದರಿಂದ ದೂರ ನೋಡುವ ಪವರಿಗೆ +0.50, ಹೆಚ್ಚೆಂದರೆ +0.75 ಸೇರಿಸಿದ ಪ್ರತ್ಯೇಕ ಕನ್ನಡಕ ಮಾಡಿಸಬೇಕು. ಅದು ಒಂದೇ ಪವರಿನದಾಗಿರಬೇಕು. ಕೆನ್ನೆಯನ್ನು ರೈಫಲ್ಲಿನ ಹಿಂಬದಿಯ ಹಿಡಿಗೆ ಒತ್ತಿದಾಗ ದೃಷ್ಟಿ ಹಾಯುವುದು ಗಾಜಿನ ಮೇಲ್ತುದಿಯಿಂದ, ಮೂಗಿನ ಕಡೆಯಿಂದ. ಮೇಲಿನಿಂದ ಕೆಳಕ್ಕೆ ಪವರ್ ಬದಲಾಗುವ ಪ್ರೋಗ್ರೆಸಿವ್ ಕನ್ನಡಕದಲ್ಲಿ ತಲೆ ಚೂರು ಅಲುಗಿದರೂ ಪವರ್ ಬದಲಾಗುತ್ತದೆ. ಗಾಜು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಕಣ್ಣಿಗೆ ರಕ್ಷಣೆಯೂ ಆಯಿತು.

ಇದಕ್ಕಿಂತ ಅಗ್ಗದ ಉಪಾಯ ಸಣ್ಣ ತೂತು. ಅದೇ ಗುಣಾಕಾರದಲ್ಲಿ ಪಾಪೆಯ ಬದಲು 1.2 ಮಿಲಿಮೀಟರ್ ತೂತು ಇಟ್ಟರೆ, ಅರ್ಧ ಡಯಾಪ್ಟರಿನ ಮಂಜು 60 ಮಿಲಿಮೀಟರಿನಿಂದ 18ಕ್ಕೆ ಇಳಿಯುತ್ತದೆ. ತೂತಿನ ಮೂಲಕ ನೋಡುವ ಪೀಪ್ ಸೈಟ್ ಮಾಡುವುದು ಇದನ್ನೇ. ಕಪ್ಪು ಟೇಪಿಗೆ ತೂತು ಕೊರೆದು ಕನ್ನಡಕಕ್ಕೆ ಅಂಟಿಸಿದರೂ ನಡೆಯುತ್ತದೆ, ಆದರೆ ಜಾಗ ಕನ್ನಡಿ ಮುಂದೆ ನಿಂತು ಗುರುತಿಸುವಂಥದ್ದಲ್ಲ. ರೈಫಲ್‌ನಲ್ಲಿ ಗುಂಡಿಲ್ಲವೆಂದು ಖಾತ್ರಿಮಾಡಿಕೊಂಡು ಗೋಡೆಯ ಕಡೆ ಗುರಿಹಿಡಿದಾಗ, ಪಕ್ಕದಲ್ಲಿ ನಿಂತವರು ಗಾಜಿನ ಮೇಲೆ ಗುರುತು ಹಾಕಬೇಕು. ತೂತು 1 ಮಿಲಿಮೀಟರಿಗಿಂತ ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಬೇರೆ ಬಗೆಯ ಮಂಜು ಹುಟ್ಟುತ್ತದೆ. ಇನ್ನೊಂದು ತೊಡಕು ದೊಡ್ಡದು: 4 ಮಿಲಿಮೀಟರಿನಿಂದ 1.2ಕ್ಕೆ ಇಳಿದಾಗ ಉಳಿಯುವ ಬೆಳಕು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ನಡುಮಧ್ಯಾಹ್ನ ಚಿಂತೆಯಿಲ್ಲ. ಮೊಲ ಹೊರಬರುವ ಹೊತ್ತಿಗೆ ಈ ಉಪಾಯ ಕೈಕೊಡುತ್ತದೆ.

ಅದಕ್ಕೇ ಮುಸ್ಸಂಜೆಗೆ ದೂರದರ್ಶಕ ಸೈಟ್, ಬೇಟೆಗಾರರ ಮಾತಿನಲ್ಲಿ ಸ್ಕೋಪ್, ಸರಿಯಾದ ಉತ್ತರ. ಅದು ಗುರಿಯ ಬಿಂಬವನ್ನು, ಒಳಗೆ ಗುರಿ ಹಿಡಿಯಲು ಇರುವ ಅಡ್ಡಗೆರೆಗಳ ತಲಕ್ಕೇ ತರುತ್ತದೆ. ಒಂದೇ ದೂರಕ್ಕೆ ಕಟ್ಟುಬಿದ್ದ ಕಣ್ಣಿಗೆ ಬೇಕಾದದ್ದೂ ಅದೇ. ಆದರೂ ಕೊಂಡವರಲ್ಲಿ ಅನೇಕರು ಕಣ್ಣಿನ ಕಡೆಯ ಉಂಗುರವನ್ನು ಮುಟ್ಟುವುದೇ ಇಲ್ಲ. ಬಯಲಾಕಾಶದ ಕಡೆ, ಸೂರ್ಯನಿಂದ ದೂರಕ್ಕೆ ಸ್ಕೋಪ್ ಹಿಡಿದು, ಎರಡು ಸೆಕೆಂಡು ಮಾತ್ರ ಗೆರೆಗಳನ್ನು ನೋಡಿ ಕಣ್ಣು ತೆಗೆಯಬೇಕು. ಉಂಗುರ ತಿರುಗಿಸಿ ಮತ್ತೆ ನೋಡಬೇಕು. ದಿಟ್ಟಿಸುತ್ತ ತಿರುಗಿಸಿದರೆ ಕಣ್ಣು ತಾನೇ ಹೊಂದಿಸಿಕೊಂಡು ಮೋಸ ಮಾಡುತ್ತದೆ. ನೋಡಿದ ಕ್ಷಣಕ್ಕೇ ಗೆರೆ ಕಪ್ಪಗೆ ಚೂಪಾಗಿ ಕಂಡರೆ ಸರಿ. ಬೇಟೆಗೆ ಹಾಕುವ ಕನ್ನಡಕ ಹಾಕಿಕೊಂಡೇ ಇದನ್ನು ಮಾಡಬೇಕು. ಆಮೇಲೆ ಪ್ಯಾರಲ್ಯಾಕ್ಸ್, ಎಂದರೆ ತಲೆ ಸರಿದಾಗ ಗುರಿಯ ಮೇಲೆ ಗೆರೆ ಸರಿದಂತೆ ಕಾಣುವುದು: ದೊಡ್ಡ ರೈಫಲ್ಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನೇ ಏರ್ ರೈಫಲ್ಲಿಗೆ ಕಟ್ಟಿದರೆ, ತಲೆ ಅತ್ತಿತ್ತ ಸರಿದಾಗ 30 ಮೀಟರಿನ ಗುರಿಯ ಮೇಲೆ ಗೆರೆಯೂ ಸರಿಯುತ್ತದೆ. ಮೊಲಕ್ಕೆ ಪ್ಯಾರಲ್ಯಾಕ್ಸ್ ಹೊಂದಿಸಬಹುದಾದ ಸ್ಕೋಪ್ ಬೇಕು.

ಬೆಳಕಿನ ವಿಷಯದಲ್ಲಿ ಅಂಗಡಿಯವರ ಮಾತು ಪೂರ್ತಿ ನಂಬಬೇಡಿ. ಸ್ಕೋಪಿನಿಂದ ಹೊರಬರುವ ಬೆಳಕಿನ ಕಂಬದ ಅಗಲ, ಮುಂದಿನ ಗಾಜಿನ ಅಗಲವನ್ನು ವರ್ಧನೆಯಿಂದ ಭಾಗಿಸಿದಷ್ಟು. 8×56ಕ್ಕೆ (8 ವರ್ಧನೆ, 56 ಮಿಲಿಮೀಟರ್ ಗಾಜು) 7 ಮಿಲಿಮೀಟರ್, 8×40ಕ್ಕೆ 5. ಇಪ್ಪತ್ತರ ಪಾಪೆ ಕತ್ತಲಲ್ಲಿ 7 ಮಿಲಿಮೀಟರ್ ಅರಳಬಹುದು. ಅರವತ್ತರದು 5ರ ಆಸುಪಾಸಿಗೆ ನಿಂತುಬಿಡುತ್ತದೆ. ಮಿಕ್ಕ ಬೆಳಕು ಪಾಪೆಯ ಅಂಚಿಗೆ ಬಡಿದು ವ್ಯರ್ಥ. ಆ ಭಾರದ ಗಾಜಿನಿಂದ ಸಿಗುವ ಲಾಭ ಇಷ್ಟೇ, ತಲೆ ಸರಿಯಾಗಿ ಕೂರದಿದ್ದರೂ ಬಿಂಬ ಕಪ್ಪಾಗುವುದಿಲ್ಲ. ಪಾಪೆ ಕುಗ್ಗಿ ಮಸೂರ ಹಳದಿಗಟ್ಟುವುದರಿಂದ ಅರವತ್ತರಲ್ಲಿ ರೆಟಿನಾಕ್ಕೆ ತಲುಪುವ ಬೆಳಕು ಇಪ್ಪತ್ತರಲ್ಲಿದ್ದುದರ ಸುಮಾರು ಮೂರನೇ ಒಂದು ಭಾಗ. ಕೂದಲೆಳೆಯಂಥ ತೆಳು ಗೆರೆಗಳು ಆಗ ಹುಲ್ಲಿನ ಮೇಲೆ ಮಾಯವಾಗುತ್ತವೆ. ಹೊರಭಾಗ ದಪ್ಪವಿರುವ, ಇಲ್ಲವೇ ನಡುವೆ ಸಣ್ಣ ದೀಪವಿರುವ ಗೆರೆ ಒಳ್ಳೆಯದು. ದೀಪ ಮಾತ್ರ ಅತಿ ಮಂದವಾಗಿರಲಿ.

ಗಾಜಿನಲ್ಲಿ ಕೆಂಪು ಬೆಳಕಿನ ಚುಕ್ಕೆ ತೋರಿಸುವ ರೆಡ್ ಡಾಟ್ ಸೈಟಿನ ಚುಕ್ಕೆ ಬಾಲ ಬಿಟ್ಟಂತೆ ಕಾಣುತ್ತದೆ ಎಂದು ವಾಪಸು ಕೊಡುವ ಮೊದಲು ಸೈಟನ್ನು ಕಣ್ಣೆದುರು ನಿಧಾನ ತಿರುಗಿಸಿ ನೋಡಿ. ಬಾಲ ಜೊತೆಗೆ ತಿರುಗದಿದ್ದರೆ ದೋಷ ಸೈಟಿನದಲ್ಲ, ಕಣ್ಣಿನ ಅಸ್ಟಿಗ್ಮ್ಯಾಟಿಸಂ, ಎಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿರುವುದು.

ಇಷ್ಟಾದ ಮೇಲೂ ದೂರದ ಮಿತಿಯನ್ನು ಹೊಸದಾಗಿ ಗೊತ್ತುಮಾಡಿಕೊಳ್ಳಬೇಕು. 25 ಮಿಲಿಮೀಟರ್ ವೃತ್ತ ಬರೆದು, ಹೊತ್ತು ಮುಳುಗುವಾಗಲೇ, ಬೇಟೆಯಲ್ಲಿ ಕೂರುವ ಭಂಗಿಯಲ್ಲೇ ಐದು ಗುಂಡು ಹೊಡೆಯುವುದು. ಐದೂ ಒಳಗೆ ಬೀಳುವ ದೂರವೇ ಆ ಬೆಳಕಿನ ಮಿತಿ. ಹಗಲು 30 ಮೀಟರ್ ಇದ್ದವರಿಗೆ ಅದು 20ಕ್ಕೆ ಇಳಿದರೆ ಹತ್ತಿರ ತೆವಳುವುದೊಂದೇ ದಾರಿ. ಮೊಲದ ಹಿಂದೆ ಏನಿದೆ ಎಂಬುದು ಕಾಣದಿದ್ದರೆ ಹೊಡೆಯುವ ಪ್ರಶ್ನೆಯೇ ಇಲ್ಲ.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಗುರಿ ದೊಡ್ಡದು, ಬೆಳಕು ಹಗಲಿನದು. ಅಲ್ಲಿನ ಹಿರಿಯರಿಗೆ ಸ್ಕೋಪ್ ಬೇಕಿಲ್ಲ, +0.50 ಕನ್ನಡಕ ಸಾಕು. ಎಡಗಣ್ಣು ಬಿಗಿಯಾಗಿ ಮುಚ್ಚುವ ಅಭ್ಯಾಸವಿದ್ದರೆ ಬಿಟ್ಟು, ಆ ಕಡೆಯ ಗಾಜಿಗೆ ಬೆಳಕು ಹಾಯುವ ಬಿಳಿ ಟೇಪ್ ಅಂಟಿಸಿಕೊಳ್ಳಲಿ. ಕಣ್ಣು ಕಿವುಚಿದರೆ ಇನ್ನೊಂದೂ ದಣಿಯುತ್ತದೆ. ಪೂರ್ತಿ ಕತ್ತಲು ಮಾಡಿದರೆ ನೋಡುವ ಕಣ್ಣಿನ ಪಾಪೆಯೂ ಅರಳಿ ಮಂಜು ಹೆಚ್ಚುತ್ತದೆ.

ಈ ಉಪಾಯಗಳೆಲ್ಲ ಚಾಳೀಸಿಗೆ. ದೀಪದ ಸುತ್ತ ಪ್ರಭೆ ಕಂಡರೆ, ನೇರ ಗೆರೆ ಡೊಂಕಾಗಿ ಕಂಡರೆ ಸೈಟ್ ಬದಲಿಸುತ್ತ ಕೂರದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಪೊರೆ ಬಂದಿದ್ದರೆ, ಆಪರೇಷನ್ನಿಗೆ ಮೊದಲೇ ಕಣ್ಣಿನಿಂದ ಮುಂದಿನ ಸೈಟಿಗೆ ಎಷ್ಟು ದೂರ ಎಂದು ಅಳೆದು ಚೀಟಿಯಲ್ಲಿ ಬರೆದುಕೊಟ್ಟರೆ, ಒಳಗಿಡುವ ಮಸೂರದ ಪವರ್ ಆರಿಸುವಾಗ ವೈದ್ಯರಿಗೆ ಅನುಕೂಲ. ಆಮೇಲೆ ಸ್ಕೋಪಿನ ಉಂಗುರವನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕು.