ಲೀತ್ ಮೆದುಚಿಪ್ಪಿನ ಆಮೆ: ಗುರುತು ಹಿಡಿಯುವಾಗ ಎಡವುವುದೆಲ್ಲಿ?

ಇದರ ವೈಜ್ಞಾನಿಕ ಹೆಸರು ನಿಲ್ಸೋನಿಯಾ ಲೀಥಿಯೈ. ಹಳೆಯ ಪುಸ್ತಕಗಳಲ್ಲಿ ಆಸ್ಪಿಡೆರೆಟಿಸ್ ಅಥವಾ ಟ್ರಯೋನಿಕ್ಸ್ ಕುಲದ ಹೆಸರಿನಡಿ ಸಿಗುತ್ತದೆ. ಮೂರೂ ಒಂದೇ ಆಮೆ. 1872ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಇದನ್ನು ಮೊದಲು ವರ್ಣಿಸಿದಾಗ ಮಾದರಿ ಸಿಕ್ಕ ಜಾಗವೆಂದು ನಮೂದಾದದ್ದು ಪುಣೆ. ಪುಣೆಯಲ್ಲಿ ಓದುತ್ತಿರುವ ಕನ್ನಡಿಗರಿಗೆ ಇದು ಪರವೂರಿನ ಪ್ರಾಣಿಯೇನಲ್ಲ. ಪುಣೆಯ ಮುಠಾ ನದಿಯ ನೀರು ಭೀಮೆಗೆ ಸೇರಿ, ಉಜನಿ, ಪಂಢರಪುರ ದಾಟಿ, ವಿಜಯಪುರ–ಕಲಬುರಗಿ ಸೀಮೆ ಹಾಯ್ದು ಕೃಷ್ಣೆಗೆ ಹೋಗುತ್ತದೆ. ಕೃಷ್ಣಾ, ಗೋದಾವರಿ, ಕಾವೇರಿ ಕೊಳ್ಳಗಳೇ ಇದರ ನೆಲೆ. ಭಾರತದ ಹೊರಗೆ ಇಲ್ಲ.

ಪುಣೆಯ ಸುತ್ತ “ಲೀತ್ ಕಂಡಿತು” ಎನ್ನುವವರು ಸಾಮಾನ್ಯವಾಗಿ ಕಂಡಿರುವುದು ಲಿಸೆಮಿಸ್ ಪಂಕ್ಟಾಟಾ, ಅಂದರೆ ಫ್ಲಾಪ್‌ಶೆಲ್ ಆಮೆಯನ್ನು. ಎರಡಕ್ಕೂ ಗಟ್ಟಿ ಫಲಕಗಳಿಲ್ಲದ ತೊಗಲಿನ ಬೆನ್ನು, ಕೊಳವೆಯಂತೆ ಚಾಚಿದ ಮೂತಿ, ಪಾದಕ್ಕೆ ಮೂರು ಉಗುರು. ಹಾಗಾಗಿ ಇವುಗಳಿಂದ ಏನೂ ತೀರ್ಮಾನವಾಗದು. ನೋಡಬೇಕಾದದ್ದು ಹೊಟ್ಟೆಯ ಹಿಂಭಾಗ. ಫ್ಲಾಪ್‌ಶೆಲ್ ಹಿಂಗಾಲನ್ನು ಒಳಗೆಳೆದುಕೊಂಡರೆ ಹೊಟ್ಟೆಚಿಪ್ಪಿನ ಎರಡು ತೊಗಲಿನ ಮುಚ್ಚಳಗಳು ಅದನ್ನು ಮುಚ್ಚಿಬಿಡುತ್ತವೆ. ಲೀತ್‌ಗೆ ಆ ಮುಚ್ಚಳವಿಲ್ಲ, ಕಾಲು ಬಯಲಿಗೇ ಇರುತ್ತದೆ. ಗಾತ್ರವೂ ಸುಳಿವು ಕೊಡುತ್ತದೆ: ಬೆನ್ನಿನ ಉದ್ದ ಅರ್ಧ ಮೀಟರ್ ದಾಟಿದರೆ ಅದು ಫ್ಲಾಪ್‌ಶೆಲ್ ಅಲ್ಲ. ಚಿಕ್ಕದಿದ್ದರೆ ಮಾತ್ರ ಏನನ್ನೂ ಹೇಳಲಾಗದು, ಲೀತ್‌ನ ಮರಿಯೂ ಇರಬಹುದು.

ಮರಿಯ ಬೂದು ಬೆನ್ನಿನ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ಕಣ್ಣಿನಾಕಾರದ ಮಚ್ಚೆಗಳು. ಪರೀಕ್ಷೆಯಲ್ಲಿ ಎಲ್ಲರೂ ಬರೆಯುವುದು ಇದನ್ನೇ, ಆದರೆ ಬೆಳೆದಂತೆ ಅವು ಮಾಸಿ ಬೆನ್ನು ಹಸಿರುಗಂದಾಗುತ್ತದೆ. ಅದರ ಮೇಲೆ ಪಾಚಿ, ಕೆಸರು ಕೂತರೆ ಮುಗಿಯಿತು. ತಲೆಯ ನಡುವೆ ಹಿಂದಕ್ಕೆ ಹೋಗುವ ಕಪ್ಪು ಗೆರೆ, ಅದರಿಂದ ಕವಲೊಡೆದ ಓರೆ ಗೆರೆಗಳು ಹೆಚ್ಚು ಭರವಸೆಯ ಗುರುತು. ಇಲ್ಲೊಂದು ತೊಡಕಿದೆ: ಗಂಗಾ ಮೆದುಚಿಪ್ಪಿನ ಆಮೆಯ ತಲೆಯಲ್ಲೂ ಓರೆ ಗೆರೆಗಳುಂಟು. ನದಿಯಲ್ಲೇ ಕಂಡದ್ದಾದರೆ ಕೊಳ್ಳ ನೋಡಿ ಊಹಿಸಬಹುದು. ಮುಂಬೈಯ ಮಾರುಕಟ್ಟೆಯಲ್ಲಿ ವಶಪಡಿಸಿಕೊಂಡದ್ದಾದರೆ ಫೋಟೊ ಒಂದನ್ನೇ ನಂಬಿ ಜಾತಿ ಬರೆಯಬೇಡಿ.

ಬೆನ್ನು ಗಟ್ಟಿಯಾಗಿದ್ದು ಕಣ್ಣಿನ ಹಿಂದೆ ಕೆಂಪು ಪಟ್ಟಿಯಿದ್ದರೆ ಅದು ಅಕ್ವೇರಿಯಂ ಅಂಗಡಿಯ ಅಮೆರಿಕನ್ ಸ್ಲೈಡರ್. ಯಾರೋ ಸಾಕಲಾರದೆ ಕೆರೆಗೆ ಬಿಟ್ಟಿರುತ್ತಾರೆ.

ಸ್ಥಿತಿಗತಿ: ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನದು. ಮೂವತ್ತು ವರ್ಷಗಳಲ್ಲಿ ಸಂಖ್ಯೆ ಶೇ. 90ರಷ್ಟು ಕುಸಿದಿದೆ ಎಂಬ ಅಂದಾಜಿದೆ. ಮಾಂಸಕ್ಕಾಗಿ ಹಿಡಿಯುವುದು ಒಂದು ಕಾರಣ, ಚಿಪ್ಪಿನ ಅಂಚಿನ ಮೃದ್ವಸ್ಥಿಯನ್ನು ಒಣಗಿಸಿ ವಿದೇಶಕ್ಕೆ ಸಾಗಿಸುವುದು ಇನ್ನೊಂದು. ಭಾರತದ ಪ್ರಸ್ತಾವದ ಮೇರೆಗೆ 2022ರ ಪನಾಮಾ ಸಭೆಯಲ್ಲಿ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್ ಇದನ್ನು ಎರಡನೇ ಅನುಬಂಧದಿಂದ ಹೆಚ್ಚು ಕಟ್ಟುನಿಟ್ಟಿನ ಒಂದನೆಯದಕ್ಕೆ ಏರಿಸಿತು.

ಗಾಳಕ್ಕೆ ಸಿಕ್ಕಿದ ಆಮೆ ಕಂಡರೆ ಕೊಕ್ಕೆ ಎಳೆಯಬೇಡಿ. ಅದು ಗಂಟಲಲ್ಲಿದ್ದರೆ ಒಳಗೆ ಹರಿಯುತ್ತದೆ. ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ವೈದ್ಯರಿಗೆ ಆ ತುದಿ ಬೇಕು. ಬಾಯಿಯ ಹತ್ತಿರ ಕೈ ಒಯ್ಯಬೇಡಿ: ಕುತ್ತಿಗೆ ನೀವೆಣಿಸಿದ್ದಕ್ಕಿಂತ ಉದ್ದ, ಪಕ್ಕಕ್ಕೂ ಹಿಂದಕ್ಕೂ ತಿರುಗಿ ಕಚ್ಚುತ್ತದೆ. ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿಟ್ಟು ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಸಿಕ್ಕ ಜಾಗ ಬರೆದಿಟ್ಟುಕೊಳ್ಳಿ, ಚೇತರಿಸಿಕೊಂಡ ಮೇಲೆ ಅದೇ ನದಿಗೆ ಬಿಡಬೇಕು. ಗಂಗಾ ಜಾತಿಯನ್ನು ಲೀತ್ ಎಂದುಕೊಂಡು ಮುಠೆಗೆ ಬಿಟ್ಟರೆ, ಎರಡು ಸಮೀಪದ ಜಾತಿಗಳು ಒಂದೇ ನೀರಿನಲ್ಲಿ ಬೆರೆಯುವ ಅಪಾಯವಿದೆ.